ಅಳಿಸಿ ಮತ್ತೆ ಬರೆಯಬಹುದಾದ ಹೊಲೊಗ್ರಾಮ್‌ಗೆ (ಲೇಸರ್‌ನಿಂದ ಮೂಡಿಸುವ 3ಡಿ ಚಿತ್ರಕ್ಕೆ) ಫೋಟೊರಿಫ್ರಾಕ್ಟಿವ್ ಪಾಲಿಮರ್ ಏಕೆ ಬೇಕು?

ಬೆಳಕಿನ ವಿನ್ಯಾಸಕ್ಕೆ ತಕ್ಕಂತೆ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಬದಲಿಸಿಕೊಳ್ಳುವ ಪ್ಲಾಸ್ಟಿಕ್ ಅದು. ಎರಡು ಲೇಸರ್ ಕಿರಣಗಳು ಅದರೊಳಗೆ ಕೂಡಿದಾಗ ಬೆಳಕು–ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಬೆಳಕಿನ ಪಟ್ಟೆಯಲ್ಲಿ ಹುಟ್ಟಿದ ಧನ ಆವೇಶಗಳು ಹೊರಗಿನ ವೋಲ್ಟೇಜಿನ ಸೆಳೆತಕ್ಕೆ ಸರಿದು ಕತ್ತಲಲ್ಲಿ ಸಿಕ್ಕಿಬೀಳುತ್ತವೆ. ಹೀಗೆ ಏಳುವ ವಿದ್ಯುತ್ ಕ್ಷೇತ್ರಕ್ಕೆ ಒಳಗಿನ ಬಣ್ಣದ ಅಣುಗಳು ತಿರುಗಿ ನಿಲ್ಲುತ್ತವೆ, ಅದರಿಂದ ಸೂಚ್ಯಂಕ ಬದಲಾಗುತ್ತದೆ. ಆ ಅಚ್ಚೇ ಹೊಲೊಗ್ರಾಮ್. ಒಂದೇ ಸಮನಾದ ಬೆಳಕು ಹಾಯಿಸಿದರೆ ಅಳಿಯುತ್ತದೆ.

ಇಂಥ ಮೊದಲ ಪಾಲಿಮರ್ ವರದಿಯಾದದ್ದು 1991ರಲ್ಲಿ, ಐಬಿಎಂ ಕಂಪನಿಯ ಆಲ್ಮಡೆನ್ ಸಂಶೋಧನಾ ಕೇಂದ್ರದಿಂದ. (ಆ ತಂಡದ ಮೋರ್ನರ್‌ಗೆ 2014ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ!) ಇದೇ ಗುಣವಿರುವ ಲಿಥಿಯಂ ನಯೋಬೇಟ್ ಹರಳನ್ನು ದೊಡ್ಡದಾಗಿ ಬೆಳೆಸುವುದು ದುಬಾರಿ, ಪಾಲಿಮರನ್ನು ಅಗಲವಾಗಿ ಹರಡಬಹುದು. 2010ರಲ್ಲಿ ಅರಿಜೋನಾ ವಿಶ್ವವಿದ್ಯಾಲಯ 2 ಸೆಕೆಂಡಿಗೊಮ್ಮೆ ಬದಲಾಗುವ 3ಡಿ ಚಿತ್ರ ತೋರಿಸಿತು. ಆದರೆ ಸಾವಿರಾರು ವೋಲ್ಟ್ ಬೇಕು, ಹಾಗಾಗಿ ಮನೆಯ ಟಿವಿಗೆ ಸದ್ಯಕ್ಕಿಲ್ಲ.