ಚುನಾವಣಾ ಚರ್ಚೆಯಲ್ಲಿ ತತ್ವ ಬಿಡದವರು ಯಾಕೆ ಸೋಲುತ್ತಾರೆ?

ತತ್ವ ಬಿಡದವರು ಚುನಾವಣಾ ಚರ್ಚೆಯಲ್ಲಿ ಸೋಲುವುದೇ ಜಾಸ್ತಿ, ಮಾತುಗಾರರೇ ಗೆಲ್ಲುತ್ತಾರೆ, ಯಾಕೆ ಅಂತ ಕೇಳಿದ್ದೀರಿ. ತತ್ವ ಇದ್ದರೆ ಮಾತು ತಾನಾಗಿ ಬರುತ್ತದೆ ಅಂದುಕೊಂಡು ಕೂತಿರುತ್ತಾರೆ, ಅದಕ್ಕೆ ಅಂತ ನನ್ನ ಲೆಕ್ಕ.

1988ರ ಅಮೆರಿಕ ಅಧ್ಯಕ್ಷೀಯ ಚುನಾವಣೆ ನೋಡಿ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಮೈಕೆಲ್ ಡುಕಾಕಿಸ್ ಮರಣದಂಡನೆಯ ಕಟ್ಟಾ ವಿರೋಧಿ. ಅಕ್ಟೋಬರ್ 13ರಂದು ಲಾಸ್ ಏಂಜಲೀಸ್‌ನಲ್ಲಿ ರಿಪಬ್ಲಿಕನ್ ಪಕ್ಷದ ಎದುರಾಳಿ ಜಾರ್ಜ್ ಬುಷ್ (ಅಪ್ಪ ಬುಷ್) ಜೊತೆ ಚರ್ಚೆ. ಚರ್ಚೆ ನಡೆಸುತ್ತಿದ್ದ ಸಿಎನ್‌ಎನ್ ಸುದ್ದಿವಾಹಿನಿಯ ಪತ್ರಕರ್ತ ಬರ್ನಾರ್ಡ್ ಶಾ ಮೊದಲ ಪ್ರಶ್ನೆಯಲ್ಲೇ ಡುಕಾಕಿಸ್‌ರನ್ನು ಕೇಳಿದರು: ನಿಮ್ಮ ಹೆಂಡತಿ ಕಿಟ್ಟಿಯ ಮೇಲೆ ಅತ್ಯಾಚಾರ ಮಾಡಿ ಯಾರಾದರೂ ಕೊಂದರೆ, ಅವನಿಗೆ ಮರಣದಂಡನೆ ಆಗಲಿ ಅನ್ನುತ್ತೀರಾ? (ಹೀಗೂ ಕೇಳುತ್ತಾರಾ? ನನಗಂತೂ ಆ ಪ್ರಶ್ನೆ ಇವತ್ತಿಗೂ ಹಿಡಿಸುವುದಿಲ್ಲ.)

ಡುಕಾಕಿಸ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಲ್ಲ, ಜೀವನವಿಡೀ ವಿರೋಧಿಸಿದ್ದೇನೆ, ಅದರಿಂದ ಅಪರಾಧ ನಿಲ್ಲುತ್ತದೆ ಅನ್ನೋದಕ್ಕೆ ಪುರಾವೆ ಕಾಣೆ ಅಂದರು. ಅಲ್ಲಿಂದ ತಮ್ಮ ರಾಜ್ಯದಲ್ಲಿ ಅಪರಾಧ ಇಳಿದ ಲೆಕ್ಕಕ್ಕೆ ಹೋದರು, ಅಲ್ಲಿಂದ ಡ್ರಗ್ಸ್‌ಗೆ, ಕೊನೆಗೆ ನೆರೆಯ ದೇಶಗಳ ಶೃಂಗಸಭೆ ಕರೆಯುವ ಮಾತಿಗೆ! ಕಿಟ್ಟಿಯ ಹೆಸರು ಒಮ್ಮೆಯೂ ಬಾಯಿಗೆ ಬರಲಿಲ್ಲ. ಬುಷ್ ಸರದಿ ಬಂದಾಗ, ಕೆಲವು ಅಪರಾಧಗಳು ಅಷ್ಟು ಘೋರ, ಅದಕ್ಕೇ ಮರಣದಂಡನೆ ಬೇಕು ಅಂತ ನೇರವಾಗಿ ಹೇಳಿದರು. ಕೇಳಿದವರಿಗೆ ಸಿಟ್ಟು, ನೋವು ಎಲ್ಲ ಬುಷ್ ಕಡೆಯೇ ಇರುವ ಹಾಗೆ ಕಂಡಿತು.

ನಿಜ ಏನು ಗೊತ್ತಾ? ಆ ನೋವು ಡುಕಾಕಿಸ್ ಮನೆಯಲ್ಲೇ ಇತ್ತು. ಅವರ ಅಪ್ಪ ಡಾಕ್ಟರು. 77ರ ವಯಸ್ಸಿನಲ್ಲಿ, ತಮ್ಮದೇ ಕ್ಲಿನಿಕ್‌ಗೆ ನುಗ್ಗಿದವನ ಕೈಲಿ ಪೆಟ್ಟು ತಿಂದಿದ್ದರು. ಅಣ್ಣ ಸ್ಟೆಲಿಯನ್‌ಗೆ 1973ರಲ್ಲಿ ಯಾರೋ ಕಾರು ಗುದ್ದಿ ನಿಲ್ಲಿಸದೆ ಹೋದರು, ಆತ ಬದುಕಲಿಲ್ಲ. ಇಷ್ಟೆಲ್ಲ ಅನುಭವಿಸಿಯೂ ಗಲ್ಲು ಬೇಡ ಅನ್ನುವವನ ಮಾತಿಗೆ ಎಷ್ಟು ತೂಕ ಇರುತ್ತಿತ್ತು, ಅಲ್ವಾ? ಅದರಲ್ಲಿ ಒಂದಕ್ಷರವೂ ಆಚೆ ಬರಲಿಲ್ಲ. "ಕಿಟ್ಟಿಗೆ ಹಾಗೆ ಮಾಡಿದವನು ಕೈಗೆ ಸಿಕ್ಕರೆ ನಾನೇ ಕೊಂದುಬಿಟ್ಟೇನು. ಅದಕ್ಕೇ ಶಿಕ್ಷೆ ಕೊಡೋದು ನನ್ನ ಕೈಲಿ ಇರಬಾರದು" ಅಂದಿದ್ದರೂ ನಿಲುವು ಒಂದಿಂಚು ಬದಲಾಗುತ್ತಿರಲಿಲ್ಲ.

ಇದೊಂದರಿಂದಲೇ ಸೋತರು ಅನ್ನಬೇಡಿ. ಅಷ್ಟೊತ್ತಿಗೆ ಅವರು ಹಿಂದೆ ಬಿದ್ದಾಗಿತ್ತು. ಅವರ ರಾಜ್ಯದ ಜೈಲಿನಿಂದ ರಜೆಯ ಮೇಲೆ ಬಿಟ್ಟ ಕೈದಿ ವಿಲ್ಲಿ ಹಾರ್ಟನ್ ಮಾಡಿದ ಅಪರಾಧವನ್ನು ಎದುರಾಳಿಗಳು ತಿಂಗಳುಗಟ್ಟಲೆ ಅವರ ತಲೆಗೆ ಕಟ್ಟಿದ್ದರು. ಕೊನೆಗೆ ಬುಷ್‌ಗೆ 40 ರಾಜ್ಯ. ಆದರೆ "ಅಪರಾಧಿಗಳ ಬಗ್ಗೆ ಮೆದು" ಅನ್ನೋ ಆರೋಪಕ್ಕೆ ಉತ್ತರ ಕೊಡಲು ಸಿಕ್ಕ ದೊಡ್ಡ ಅವಕಾಶ ಶಾ ಕೇಳಿದ ಆ ಪ್ರಶ್ನೆಯೇ ಆಗಿತ್ತು. ಉತ್ತರಕ್ಕೆ ಸಿಕ್ಕ ಎರಡು ನಿಮಿಷ ಅಂಕಿಅಂಶಕ್ಕೆ ಹೋಯಿತು.