ಹೊಸ ಬಣ್ಣ ಕಂಡು ಮುಖ ಸಿಂಡರಿಸಿದವರಿಗೆ

ಪತ್ರ: “ಟೋಕಿಯೊದಲ್ಲಿರುವ ಮಗನ ಮನೆಗೆ ಹೋದಾಗ ನಿಕ್ಕೊದ ತೋಶೋಗು ದೇಗುಲ ನೋಡಿದೆ. ಅಲ್ಲಿನ ಯೊಮೆಯ್‌ಮೊನ್ ಮಹಾದ್ವಾರ ಮೊನ್ನೆ ಮೊನ್ನೆ ಕಟ್ಟಿದ ಕಲ್ಯಾಣ ಮಂಟಪದ ಹಾಗೆ ಮಿರಮಿರ ಮಿಂಚುತ್ತಿತ್ತು. ಹಳೆಯದರ ಗಾಂಭೀರ್ಯ ಎಲ್ಲಿ? ಮತ್ತೆ ಮತ್ತೆ ದುಡ್ಡು ಸುರಿದು ಮರದ ರಸ ಬಳಿಯುವ ಬದಲು ಒಳ್ಳೆಯ ಕಂಪನಿ ಪೇಂಟು ಹೊಡೆದರಾಗದೆ? ನಮ್ಮ ಚನ್ನಪಟ್ಟಣದ ಅರಗೂ ಅದೇ ತಾನೆ?”
– ಒಬ್ಬ ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಜಪಾನಿಗೆ ಹೋಗಿ ಬಂದವರೆಲ್ಲ ಬುಲೆಟ್ ರೈಲಿನ ಬಗ್ಗೆ ಬರೆದು ಕಳಿಸುತ್ತಾರೆ. ನೀವು ಬಾಗಿಲಿನ ಬಣ್ಣ ನೋಡಿ ಬಂದಿದ್ದೀರಿ. ಆ ಪ್ರೀತಿಗೇ ಇಷ್ಟು ಉದ್ದದ ಉತ್ತರ, ಜತೆಗೆ ಸ್ವಲ್ಪ ಬೈಗುಳ.

ನಿಮಗೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಉರುಶಿ ಎಂಬ ಆ ಮರದ ರಸದ ಮೆರುಗೆಣ್ಣೆಗೆ ಬಿಸಿಲು ಆಗಿಬರುವುದಿಲ್ಲ. ಹೊರಗೋಡೆಗೆ ಹಚ್ಚಿದ್ದು ಕಾಲಕ್ರಮೇಣ ಮಂಕಾಗಿ ಸಿಪ್ಪೆ ಏಳುತ್ತದೆ. ದುಬಾರಿ ಎನ್ನುವುದೂ ನಿಜ.

ಆದರೆ ಗಾಂಭೀರ್ಯದ ಮಾತು ಒಪ್ಪಲಾರೆ. 1636ರಲ್ಲಿ ಶೋಗುನ್ (ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಇಯೆಮಿತ್ಸು ತನ್ನ ಅಜ್ಜ ಇಯೆಯಾಸುವಿನ ಈ ದೇಗುಲವನ್ನು ಹೊಸದಾಗಿ ಕಟ್ಟಿಸಿದ್ದೇ ನೋಡಿದವರ ಕಣ್ಣು ಕೋರೈಸಲಿ ಎಂದು. ಆ ಒಂದು ಬಾಗಿಲಿನಲ್ಲೇ 500ಕ್ಕೂ ಹೆಚ್ಚು ಕೆತ್ತನೆಗಳಿವೆ. ಕಂಬಗಳ ಬಿಳುಪು ಚಿಪ್ಪಿನ ಪುಡಿಯದು. ತೊಗಲು ಬೇಯಿಸಿ ತೆಗೆದ ಅಂಟಿನಲ್ಲಿ ಆ ಪುಡಿಯನ್ನು ಕಲಸಿ ಹಚ್ಚುತ್ತಾರೆ. ನೀವು ಗಾಂಭೀರ್ಯ ಎಂದುಕೊಂಡದ್ದು ಬರೀ ಧೂಳು ಸ್ವಾಮಿ!

2017ರಲ್ಲಿ ಮುಗಿದ ಆ ಬಾಗಿಲಿನ ದುರಸ್ತಿಯಲ್ಲಿ ಕೆತ್ತನೆಯ ಹಲಗೆಯೊಂದನ್ನು ಬಿಚ್ಚಿದಾಗ ಹಿಂದೆ ಪೈನ್ ಮರ, ಕೊಕ್ಕರೆಗಳ ಹಳೆಯ ಚಿತ್ರ ಸಿಕ್ಕಿತು. ಅಂದರೆ ಹಿಂದಿನವರೂ ತಮಗಿಂತ ಹಿಂದಿನವರ ಕೆಲಸದ ಮೇಲೆಯೇ ಕೆಲಸ ಮಾಡಿದ್ದರು. ಅದೇ ದೇಗುಲದಲ್ಲಿರುವ, ಮಲಗಿದ ಬೆಕ್ಕಿನ ಹೆಸರಾಂತ ಕೆತ್ತನೆಯ ಕಥೆಯೂ ಇದೆ. ಹೊಸ ಬಣ್ಣದಲ್ಲಿ ಅದರ ಕಣ್ಣು ತುಸು ತೆರೆದಂತೆ ಕಾಣುತ್ತದೆಂದು ಸುದ್ದಿಯಾಗಿ, ಹಳೆಯ ಫೋಟೊಗಳ ಜತೆ ತಾಳೆ ನೋಡಿ ಮತ್ತೆ ಮುಚ್ಚಿಸಿದರು. ಬೆಕ್ಕಿನ ರೆಪ್ಪೆಯ ಬಗ್ಗೆ ಜಗಳವಾಡುವ ಊರು! ನನಗೆ ಹೊಟ್ಟೆಕಿಚ್ಚು.

ಈಗ ಆ ರಸದ ವಿಷಯ. ಇವಾತೆ ಪ್ರಾಂತ್ಯದ ಜೊಬೊಜಿ ಎಂಬಲ್ಲಿ ಮರಕ್ಕೆ ಹತ್ತು-ಹದಿನೈದು ವರ್ಷ ತುಂಬುವವರೆಗೆ ಕಾಯುತ್ತಾರೆ. ಆಮೇಲೆ ಒಂದು ಬೇಸಿಗೆಯಿಡೀ, ನಾಲ್ಕೈದು ದಿನಕ್ಕೊಮ್ಮೆ ತೊಗಟೆಯ ಮೇಲೆ ಅಡ್ಡಗೀರು ಎಳೆದು, ಒಸರಿದ್ದನ್ನು ಕೆರೆದು ತೆಗೆಯುತ್ತಾರೆ. ಒಂದು ಮರಕ್ಕೆ ಸಿಗುವುದು ಸುಮಾರು 200 ಮಿಲಿಲೀಟರ್, ಅಷ್ಟೇ. ನಂತರ ಮರ ಕಡಿದು, ಬುಡದಿಂದ ಚಿಗುರು ಬರಿಸುತ್ತಾರೆ. ಈ ರಸ ಗಟ್ಟಿಯಾಗಲು ಬಿಸಿಲಲ್ಲ, ಗಾಳಿಯ ತೇವ ಬೇಕು. (ಚನ್ನಪಟ್ಟಣದ ಅರಗು ಹುಳದ್ದು, ಬೇರೆಯೇ ಪದಾರ್ಥ.)

ಅಗ್ಗದ ದಾರಿಯನ್ನು ಅವರೂ ಹಿಡಿದಿದ್ದರು. ಅಲ್ಲಿ ಬಳಕೆಯಾಗುವ ಉರುಶಿಯಲ್ಲಿ ಹೆಚ್ಚುಪಾಲು ಚೀನಾದ್ದು. ಸ್ಥಳೀಯ ರಸಕ್ಕೆ ಗಿರಾಕಿ ಇಲ್ಲದೆ ಮರ ಗೀರುವವರೇ ಕಡಿಮೆಯಾದರು. ಕೊನೆಗೆ 2015ರಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆ, ರಾಷ್ಟ್ರೀಯ ನಿಧಿ ಎನಿಸಿದ ಕಟ್ಟಡಗಳಿಗೆ ಸ್ವದೇಶಿ ಉರುಶಿಯನ್ನೇ ಬಳಸಬೇಕೆಂದು ಹೇಳಿತು. ವರ್ಷಕ್ಕೆ ಬೇಕಾದ್ದು ಅಂದಾಜು 2.2 ಟನ್, ಆಗ ಸಿಗುತ್ತಿದ್ದುದು 1 ಟನ್ ಆಸುಪಾಸು. ಸಾಲದು ಎಂದು ಗೊತ್ತಿದ್ದೇ ಹೇಳಿದರು. ಬೇಡಿಕೆ ಹುಟ್ಟಿದರೆ ತಾನೆ ಯಾರಾದರೂ ಸಸಿ ನೆಡುವುದು? 2020ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಅವರ ಮರದ ಕಟ್ಟಡಗಳ 17 ಕಸುಬುಗಳಲ್ಲಿ ಈ ರಸ ತೆಗೆಯುವುದೂ ಒಂದು. ಚಿನ್ನದ ರೇಕು ಬಡಿಯುವುದು, ಹಿನೋಕಿ ಮರದ ತೊಗಟೆಯಿಂದ ಸೂರು ಹೊದಿಸುವುದೂ ಅದರಲ್ಲಿವೆ.

ಇನ್ನು ನಿಮ್ಮ ಕಂಪನಿ ಪೇಂಟು. ಕಳೆದ ಶತಮಾನದಲ್ಲಿ ಅಲ್ಲಿನ ಗುಡಿಗಳಲ್ಲಿ ಉದುರುತ್ತಿದ್ದ ಚಿತ್ರಗಳ ಬಣ್ಣ ಹಿಡಿದಿಡಲು ಪಾಲಿವಿನೈಲ್ ಆಲ್ಕೋಹಾಲ್ ಎಂಬ ಹೊಸ ಅಂಟು ಹಾಕಿದರು. ಎಲ್ಲರೂ ಭೇಷ್ ಎಂದರು. ದಶಕಗಳ ಮೇಲೆ ಅದು ಬೆಳ್ಳಗೆ ಮಬ್ಬುಗಟ್ಟಿ, ಈಗ ಅದನ್ನು ಬಿಡಿಸುವುದೇ ಬೇರೊಂದು ಕೆಲಸವಾಗಿದೆ.

ನಮ್ಮಲ್ಲಂತೂ ಈ ಜಗಳಕ್ಕೇ ಅವಕಾಶವಿಲ್ಲ. ಟೆಂಡರ್ ಕರೆದು, ಎಲ್ಲರಿಗಿಂತ ಕಡಿಮೆ ಬರೆದವನಿಗೆ ಜೀರ್ಣೋದ್ಧಾರ ಒಪ್ಪಿಸಿಬಿಡುತ್ತೇವೆ. ಕಲ್ಲುಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಜಾರುವ ಟೈಲ್ಸು, ಮೇಲೆ ದಾನಿಗಳ ಹೆಸರು ಬರೆದ ಟ್ಯೂಬ್‌ಲೈಟು. ಗಾರೆ ಅರೆಯಲು ಗೊತ್ತಿರುವ ಮುದುಕ ಅದೇ ಊರಿನಲ್ಲಿ ಬಸ್‌ಸ್ಟ್ಯಾಂಡ್ ಕಟ್ಟೆಯ ಮೇಲೆ ಕೂತಿರುತ್ತಾನೆ, ಅವನನ್ನು ಕೇಳುವವರಿಲ್ಲ. ಸಮಿತಿಯವರನ್ನು ಕೇಳಿದರೆ “ಅದೆಲ್ಲ ಎಸ್ಟಿಮೇಟಿನಲ್ಲಿ ಇಲ್ಲ ಸಾರ್” ಎಂಬ ಉತ್ತರ. ನಿಮ್ಮ ಪತ್ರದಲ್ಲೂ ನನಗೆ ಅದೇ ದನಿ ಕೇಳಿಸಿತು, ಅದಕ್ಕೇ ಇಷ್ಟು ಏರುಧ್ವನಿ. ಬೇಸರಿಸಬೇಡಿ.

ಮಗನ ಮನೆಗೆ ಮತ್ತೆ ಹೋಗುವುದಿದ್ದರೆ ಒಂದು ಮಾತು. ಜೂನ್‌ನಿಂದ ಅಕ್ಟೋಬರ್ ಒಳಗೆ ಹೋಗಿ, ಮಗನಿಗೆ ಹೇಳಿ ಜೊಬೊಜಿಗೂ ಒಂದು ಸುತ್ತು ಹಾಕಿಸಿಕೊಳ್ಳಿ. ಮರದಿಂದ ಒಸರುವ ಹಸಿ ರಸವನ್ನು ಮಾತ್ರ ಮುಟ್ಟಬೇಡಿ. ನಮ್ಮ ಮಲೆನಾಡಿನ ಹೊಳೆಗೇರಿನ ಕುಟುಂಬಕ್ಕೇ ಸೇರಿದ ಮರ ಅದು, ಮೈಯೆಲ್ಲ ಬೊಕ್ಕೆ ಏಳುತ್ತದೆ.