ಕ್ಯಾನನ್ ಆರ್7 ಕ್ಯಾಮೆರಾ ತಗೊಳ್ಳೋದಾ, ಆರ್6 ಮಾರ್ಕ್ 2 ತಗೊಳ್ಳೋದಾ: ಹಕ್ಕಿಗೆ ಒಂದು ಲೆಕ್ಕ, ವೇದಿಕೆಗೆ ಇನ್ನೊಂದು

ಸರ್, ನಿಮ್ಮ ಪ್ರಶ್ನೆಯನ್ನು ನಿನ್ನೆಯೇ ಓದಿದೆ. ಎರಡು ಸಾಲಲ್ಲಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಇವತ್ತು ಪುರುಸೊತ್ತು ಮಾಡಿಕೊಂಡು ಬರೆಯುತ್ತಿದ್ದೇನೆ. ನೀವು ಕೇಳಿದ್ದು ಇಷ್ಟು. ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಬಿಟ್ಟು ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಬರಬೇಕು. ಕ್ಯಾನನ್ ಆರ್7, ಆರ್6 ಮಾರ್ಕ್ 2, ಇವೆರಡರಲ್ಲಿ ಒಂದು. ಜೊತೆಗೆ ಆರ್‌ಎಫ್ 100-400 ಲೆನ್ಸ್ (ಮಿರರ್‌ಲೆಸ್‌ಗೆಂದೇ ಮಾಡಿದ, 100ರಿಂದ 400 ಮಿ.ಮೀ. ತನಕ ಜೂಮ್ ಆಗುವ ಲೆನ್ಸ್). ರಜೆ ಸಿಕ್ಕಾಗಲೆಲ್ಲ ಹಕ್ಕಿ, ವರ್ಷಕ್ಕೆ ನಾಲ್ಕೈದು ಸಲ ಮಗಳ ನೃತ್ಯ. ಇಲ್ಲಿ ನಿಮಗೆ ಉತ್ತರಿಸಿದ ಹೆಚ್ಚಿನವರು "ಕಣ್ಣು ಮುಚ್ಚಿಕೊಂಡು ಫುಲ್ ಫ್ರೇಮ್ ತಗೊಳ್ಳಿ" ಅಂದಿದ್ದಾರೆ, ಅಂದರೆ ಚಿತ್ರ ಹಿಡಿಯುವ ಚಿಪ್ (ಸೆನ್ಸರ್) ದೊಡ್ಡದಿರುವ ಆರ್6 ಮಾರ್ಕ್ 2. ನನಗೆ ಹಾಗನ್ನಿಸುವುದಿಲ್ಲ. ನೀವು ಹೇಳಿದ ಲೆನ್ಸ್ ಹಿಡಿದು ಹಕ್ಕಿ ಹಿಂದೆ ಹೋಗುವುದಾದರೆ ಆರ್7 ಸರಿಯಾದ ಆಯ್ಕೆ. ಆರ್7 ನನ್ನದು, ಆರ್6 ಮಾರ್ಕ್ 2 ನನ್ನ ತಮ್ಮನದು, ಎರಡನ್ನೂ ಸಾಕಷ್ಟು ಬಳಸಿದ್ದೇನೆ.

ಮೊದಲು ಸೆನ್ಸರ್ ಅಳತೆ. ಆರ್6 ಮಾರ್ಕ್ 2ರದ್ದು ಫುಲ್ ಫ್ರೇಮ್, ಸುಮಾರು 36 x 24 ಮಿ.ಮೀ., 24.2 ಮೆಗಾಪಿಕ್ಸೆಲ್. ಆರ್7ರದ್ದು ಎಪಿಎಸ್-ಸಿ ಅನ್ನುವ ಚಿಕ್ಕ ಅಳತೆ, 22.3 x 14.8 ಮಿ.ಮೀ., 32.5 ಮೆಗಾಪಿಕ್ಸೆಲ್. ವಿಸ್ತೀರ್ಣ ಲೆಕ್ಕ ಹಾಕಿದರೆ ದೊಡ್ಡದು ಚಿಕ್ಕದರ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. "ದೊಡ್ಡ ಸೆನ್ಸರ್‌ಗೆ ಜಾಸ್ತಿ ಬೆಳಕು, ಹಾಗಾಗಿ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕಡಿಮೆ" ಅನ್ನುವ ಮಾತು ಇಲ್ಲಿಂದಲೇ ಬಂದಿದ್ದು. ಮಾತು ಸುಳ್ಳಲ್ಲ. ಆದರೆ ಅದಕ್ಕೆ ಒಂದು ಷರತ್ತಿದೆ: ಆ ದೊಡ್ಡ ಸೆನ್ಸರನ್ನು ನೀವು ಪೂರ್ತಿ ತುಂಬಿಸಬೇಕು. ಹಕ್ಕಿ ವಿಷಯದಲ್ಲಿ ನಾವು ತುಂಬಿಸುವುದೇ ಇಲ್ಲ, ಅಲ್ವಾ?

ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟಿದ್ದಾರೆ ಅಂದುಕೊಳ್ಳಿ. ಅದರ ಮುಂದೆ ದೊಡ್ಡ ಹಲಗೆ ಹಿಡಿದರೂ ಅಷ್ಟೇ, ಸಣ್ಣ ಹಲಗೆ ಹಿಡಿದರೂ ಅಷ್ಟೇ, ಹಲಗೆ ಮೇಲೆ ಬೀಳುವ ಹಕ್ಕಿಯ ಗಾತ್ರ ಬದಲಾಗುವುದಿಲ್ಲ. ದೊಡ್ಡ ಹಲಗೆಯಲ್ಲಿ ಹಕ್ಕಿಯ ಸುತ್ತಲಿನ ಜಾಗ ಜಾಸ್ತಿ ಕಾಣುತ್ತದೆ, ಅಷ್ಟೇ. ಲೆನ್ಸ್ ಕೂಡ ಹೀಗೆಯೇ. 16 ಸೆಂ.ಮೀ. ಉದ್ದದ ಮಿಂಚುಳ್ಳಿ ನಿಮ್ಮಿಂದ 10 ಮೀಟರ್ ದೂರದಲ್ಲಿ ಕೂತಿದೆ. 400 ಮಿ.ಮೀ.ನಲ್ಲಿ ಅದರ ಬಿಂಬ ಸೆನ್ಸರ್ ಮೇಲೆ ಹೆಚ್ಚುಕಡಿಮೆ ಆರೂವರೆ ಮಿ.ಮೀ. ಉದ್ದ ಬೀಳುತ್ತದೆ. ಎರಡೂ ಕ್ಯಾಮೆರಾದಲ್ಲಿ ಅಷ್ಟೇ. ಆರ್6 ಮಾರ್ಕ್ 2ರ ಒಂದೊಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಪಾಲು), ಆರ್7ರದ್ದು 3.2 ಮೈಕ್ರಾನ್. ಅಂದರೆ ಆ ಮಿಂಚುಳ್ಳಿ ಒಂದರಲ್ಲಿ ಸುಮಾರು 1,100 ಪಿಕ್ಸೆಲ್ ಉದ್ದ ಬರುತ್ತದೆ, ಇನ್ನೊಂದರಲ್ಲಿ 2,000 ಪಿಕ್ಸೆಲ್. ಹಕ್ಕಿಯಿಂದ ಬಂದ ಬೆಳಕು ಮಾತ್ರ ಎರಡಕ್ಕೂ ಒಂದೇ. ದೊಡ್ಡ ಸೆನ್ಸರ್‌ಗೆ ಸಿಕ್ಕ ಹೆಚ್ಚಿನ ಬೆಳಕೆಲ್ಲ ಸುತ್ತಲಿನ ಆಕಾಶದ್ದು, ಎಲೆಯದ್ದು. ಮನೆಗೆ ಬಂದು ಕ್ರಾಪ್ ಮಾಡುವಾಗ ಅದನ್ನೇ ಕತ್ತರಿಸಿ ಬಿಸಾಕುತ್ತೇವೆ.

ಆರ್6 ಮಾರ್ಕ್ 2ರ ಚಿತ್ರವನ್ನು ಆರ್7ರ ನೋಟಕ್ಕೆ ಕ್ರಾಪ್ ಮಾಡಿದರೆ ಉಳಿಯುವುದು 9 ಮೆಗಾಪಿಕ್ಸೆಲ್ ಚಿಲ್ಲರೆ. ಫೋನಿನಲ್ಲಿ ತೋರಿಸಲು ಅದು ಧಾರಾಳ. ಎ4 ಅಳತೆಯ ಪ್ರಿಂಟ್ ಕೂಡ ಚೆನ್ನಾಗಿಯೇ ಬರುತ್ತದೆ. ಆದರೆ ಹಕ್ಕಿ ತೆಗೆಯುವವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ, ಮೇಲೆ ಇನ್ನೂ ಅರ್ಧ ಕ್ರಾಪ್ ಮಾಡುತ್ತೇವೆ. ಆರ್7ರಷ್ಟು ಒತ್ತಾಗಿ ಪಿಕ್ಸೆಲ್ ಇರುವ ಫುಲ್ ಫ್ರೇಮ್ ಬೇಕೆಂದರೆ ಅದು 83 ಮೆಗಾಪಿಕ್ಸೆಲ್ ಆಗಬೇಕು!

ಇದನ್ನು ಬರೀ ಲೆಕ್ಕಕ್ಕೆ ಬಿಡದೆ ನಾನು ಮಾಡಿಯೂ ನೋಡಿದೆ. ಒಂದೇ 100-400, ಒಂದೇ ಟ್ರೈಪಾಡ್, ಒಂದೇ ಕೊಂಬೆ ಮೇಲೆ ಕೂತ ಹಕ್ಕಿ. ಶಟರ್ ವೇಗ, ಅಪರ್ಚರ್ (ಲೆನ್ಸಿನ ತೆರೆ) ಬದಲಿಸಲಿಲ್ಲ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಂಕೆ) 3200. ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ಮಾತ್ರ ಬದಲಿಸಿದೆ. ಚಿತ್ರದ ಹೊಳಪು ಎರಡರಲ್ಲೂ ಒಂದೇ. (ಸೆನ್ಸರ್ ಚಿಕ್ಕದಾದರೆ ಚಿತ್ರ ಕಪ್ಪಗೆ ಬರುತ್ತದೆ ಅಂತ ಇಲ್ಲಿ ಒಬ್ಬರು ಬರೆದಿದ್ದರು. ಹಾಗೇನಿಲ್ಲ, ಎಕ್ಸ್‌ಪೋಷರ್ ಬದಲಾಗುವುದಿಲ್ಲ.) ನೂರು ಪರ್ಸೆಂಟ್ ಜೂಮ್ ಮಾಡಿದಾಗ ಆರ್7ರ ಚಿತ್ರದಲ್ಲಿ ನಾಯ್ಸ್ ಜಾಸ್ತಿ ಕಂಡಿತು. ಆಮೇಲೆ ಎರಡೂ ಹಕ್ಕಿಗಳನ್ನು ಸ್ಕ್ರೀನ್ ಮೇಲೆ ಒಂದೇ ಅಳತೆಗೆ ತಂದು ಅಕ್ಕಪಕ್ಕ ಇಟ್ಟೆ. ನಾಯ್ಸ್ ಹೆಚ್ಚುಕಡಿಮೆ ಒಂದೇ. ಕುತ್ತಿಗೆಯ ಪುಟ್ಟ ಗರಿಗಳ ಎಳೆ ಮಾತ್ರ ಆರ್7ರಲ್ಲಿ ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕಂಡವು. ಹೋಲಿಸುವಾಗ ನೀವೂ ಹೀಗೇ ಮಾಡಿ. ನೂರು ಪರ್ಸೆಂಟ್‌ನಲ್ಲಿ ನೋಡಿ ತೀರ್ಪು ಕೊಟ್ಟರೆ ಒತ್ತು ಪಿಕ್ಸೆಲ್ ಇರುವ ಕ್ಯಾಮೆರಾಗೆ ಯಾವತ್ತೂ ಅನ್ಯಾಯ ಆಗುತ್ತದೆ.

ಪಿಕ್ಸೆಲ್ ಸುಮಾರು ಎರಡು ಪಟ್ಟು ಸಿಕ್ಕಿತು ಅಂದ ಮಾತ್ರಕ್ಕೆ ವಿವರವೂ ಎರಡು ಪಟ್ಟು ಸಿಗುತ್ತದೆ ಅಂದುಕೊಳ್ಳಬೇಡಿ. 100-400 ಲೆನ್ಸ್ 400ರಲ್ಲಿ ಎಫ್/8ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಕಡಿಮೆ ಆದಷ್ಟೂ ತೆರೆ ದೊಡ್ಡದು). ಎಫ್/8ರಲ್ಲಿ ಬೆಳಕು ಬಾಗುವುದರಿಂದ ಒಂದು ಚುಕ್ಕಿ ಕೂಡ 10 ಮೈಕ್ರಾನ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಹಾಗಾಗಿ ಆರ್7ರ 3.2 ಮೈಕ್ರಾನ್ ಪಿಕ್ಸೆಲ್‌ನ ಪೂರ್ತಿ ಲಾಭ ಸಿಗುವುದಿಲ್ಲ. ಲಾಭ ಇದೆ, ಕಣ್ಣಿಗೆ ಕಾಣುವಷ್ಟು ಇದೆ, ಆದರೆ ಎರಡು ಪಟ್ಟಲ್ಲ. ಕೈ ನಡುಕವೂ ಆರ್7ರಲ್ಲಿ ಬೇಗ ಸಿಕ್ಕಿಬೀಳುತ್ತದೆ. 400ರಲ್ಲಿ ಶಟರ್ ವೇಗ 1/640 ಸೆಕೆಂಡಿಗಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು. ಹಾರುವ ಹಕ್ಕಿಗೆ 1/2000 ಇಟ್ಟುಕೊಳ್ಳಿ. ಇನ್ನು ಬಿಸಿಲೇರಿದ ಮೇಲೆ ದೂರದ ಹಕ್ಕಿ. ಕಾದ ನೆಲದ ಮೇಲೆ ಗಾಳಿ ಅಲೆಯಾಡುತ್ತದಲ್ಲ, ಅದಕ್ಕೆ ಯಾವ ಸೆನ್ಸರೂ ಮದ್ದಲ್ಲ. ಹತ್ತಿರ ಹೋಗಬೇಕು, ಇಲ್ಲ ಬೇಗ ಏಳಬೇಕು.

ಹಾಗಾದರೆ ಹಕ್ಕಿಯ ಬೆಳಕನ್ನು ನಿರ್ಧರಿಸುವುದು ಯಾವುದು? ಲೆನ್ಸಿನ ಬಾಯಿ. ಇದನ್ನು ದಯವಿಟ್ಟು ನೆನಪಿಡಿ. ಫೋಕಲ್ ಲೆಂಗ್ತನ್ನು (ಲೆನ್ಸಿನ ಮಿ.ಮೀ. ಸಂಖ್ಯೆಯನ್ನು) ಎಫ್ ಸಂಖ್ಯೆಯಿಂದ ಭಾಗಿಸಿ. 400 ಭಾಗ 8 ಅಂದರೆ 50 ಮಿ.ಮೀ. ಆರ್‌ಎಫ್ 100-500 ಎಫ್/4.5-7.1 ತಗೊಂಡರೆ 500 ಭಾಗ 7.1, ಸುಮಾರು 70 ಮಿ.ಮೀ. ಬಾಯಿಯ ವಿಸ್ತೀರ್ಣ ಎರಡು ಪಟ್ಟು. ಅದೇ ಹಕ್ಕಿಯಿಂದ, ಅದೇ ದೂರದಿಂದ, ಎರಡು ಪಟ್ಟು ಬೆಳಕು. ಇದು ಎರಡೂ ಬಾಡಿಗೆ ಅನ್ವಯಿಸುತ್ತದೆ. ಆದ್ದರಿಂದ ಹಕ್ಕಿಗೆ ಮಾತ್ರ ಕೇಳಿದರೆ, ಆರ್6 ಮಾರ್ಕ್ 2 ಜೊತೆ 100-400 ಇಟ್ಟುಕೊಳ್ಳುವುದಕ್ಕಿಂತ ಆರ್7 ಜೊತೆ 100-500 ಎಷ್ಟೋ ಮೇಲು. ಬಾಡಿಯಲ್ಲಿ ಉಳಿಸಿದ ದುಡ್ಡನ್ನು ಗಾಜಿಗೆ ಹಾಕಿ. ತೂಕದ ಯೋಚನೆ ಮಾತ್ರ ಮಾಡಿ: 100-400 ಬರೀ 635 ಗ್ರಾಂ, 100-500 ಸುಮಾರು 1,370 ಗ್ರಾಂ. ಬೆಳಗಿನಿಂದ ನಡೆಯುವವರಿಗೆ ಈ ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತದೆ. ನಾನು ಈಗಲೂ ಅರ್ಧದಷ್ಟು ದಿನ 100-400 ಮಾತ್ರ ಒಯ್ಯುತ್ತೇನೆ.

ಹಕ್ಕಿ ತುಂಬಾ ಹತ್ತಿರ ಬಂದು ಫ್ರೇಮ್ ತುಂಬುವ ಕಡೆ, ಅಂದರೆ ಮರೆಯಲ್ಲಿ ಕೂತು ಕಾಯುವ ಜಾಗಗಳಲ್ಲಿ, ಲೆಕ್ಕ ತಿರುಗುತ್ತದೆ. ಅಲ್ಲಿ ಕ್ರಾಪ್ ಇಲ್ಲ. ದೊಡ್ಡ ಸೆನ್ಸರ್ ತನ್ನ ಒಂದೂಕಾಲು, ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ಲಾಭವನ್ನು ಪೂರ್ತಿ ಕೊಡುತ್ತದೆ. ಕ್ರಾಪ್ ಮಾಡುವ ಕಡೆ ಆರ್7, ಮಾಡದ ಕಡೆ ಆರ್6 ಮಾರ್ಕ್ 2 ಅಂತ ಇಟ್ಟುಕೊಳ್ಳಿ.

ಮಗಳ ನೃತ್ಯ ಈ ಎರಡನೇ ಸಾಲಿಗೆ ಬರುತ್ತದೆ. ವೇದಿಕೆ ನಿಮ್ಮ ಫ್ರೇಮ್ ತುಂಬುತ್ತದೆ, ಬೆಳಕು ಕಡಿಮೆ, ಮಗು ಓಡಾಡುತ್ತದೆ. ಬಾಡಿಯೊಳಗಿನ ಸ್ಟೆಬಿಲೈಸೇಷನ್ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ನಿಮ್ಮ ಕೈ ನಡುಕ ತಡೆಯುತ್ತದೆ, ಮಗುವಿನ ಚಲನೆಯನ್ನಲ್ಲ. 1/500 ಬೇಕೇ ಬೇಕು. ಇಲ್ಲಿ ಆರ್6 ಮಾರ್ಕ್ 2 ನಿಜಕ್ಕೂ ಮುಂದಿದೆ. ಫೋಕಸ್ ಕೂಡ ಮಂದ ಬೆಳಕಿನಲ್ಲಿ -6.5 ಇವಿ (ಬೆಳಕಿನ ಅಳತೆ, ಕಡಿಮೆ ಆದಷ್ಟೂ ಕತ್ತಲೆ) ತನಕ ಕೆಲಸ ಮಾಡುತ್ತದೆ, ಆರ್7ರದ್ದು -5 ಇವಿ ತನಕ.

ಆದರೂ ಇಲ್ಲಿಯೂ ಲೆನ್ಸಿನ ಮಾತೇ ದೊಡ್ಡದು. 100-400 ಹಿಡಿದು ವೇದಿಕೆಗೆ ಹೋಗಬೇಡಿ, ಬಾಡಿ ಯಾವುದೇ ಇರಲಿ. ಎಫ್/8ರಲ್ಲಿ ಐಎಸ್‌ಒ 25600 ಕೇಳುವ ಬೆಳಕಿಗೆ ಎಫ್/2ರಲ್ಲಿ 1600 ಸಾಕು. ಅದು ನಾಲ್ಕು ಸ್ಟಾಪ್. ಸೆನ್ಸರ್ ಬದಲಿಸಿ ಸಿಗುವುದು ಒಂದೂ ಚಿಲ್ಲರೆ. ಆರ್‌ಎಫ್ 85 ಎಫ್/2 ಲೆನ್ಸ್ ಆರ್7 ಮೇಲೆ ಫುಲ್ ಫ್ರೇಮ್‌ನ 136 ಮಿ.ಮೀ.ಗೆ ಸಮನಾದ ನೋಟ ಕೊಡುತ್ತದೆ, ಮುಂದಿನ ಸಾಲುಗಳಲ್ಲಿ ಕೂತರೆ ಒಬ್ಬಳೇ ಮಗುವಿಗೆ ಬಹಳ ಚೆನ್ನ. ಅದು ತೀರಾ ಹತ್ತಿರದ ವಸ್ತು ತೆಗೆಯುವ ಮ್ಯಾಕ್ರೋ ಲೆನ್ಸೂ ಹೌದು, ಹಾಗಾಗಿ ಫೋಕಸ್ ಕೆಲವೊಮ್ಮೆ ಹತ್ತಿರಕ್ಕೆ ಹೋಗಿ ಹುಡುಕಾಡುತ್ತದೆ. ಪಕ್ಕದಲ್ಲಿರುವ ಸ್ವಿಚ್‌ನಿಂದ ಅರ್ಧ ಮೀಟರ್‌ನಿಂದ ಆಚೆಗೆ ಮಾತ್ರ ಅಂತ ಕಟ್ಟಿಹಾಕಿ. ಗುಂಪು ನೃತ್ಯಕ್ಕೆ 160 ಗ್ರಾಂನ 50 ಎಫ್/1.8 ಸಾಕು.

ಆರ್7ರ ಕೊರತೆಗಳನ್ನು ಮುಚ್ಚಿಡುವುದಿಲ್ಲ. ದೊಡ್ಡದು ಎಲೆಕ್ಟ್ರಾನಿಕ್ ಶಟರ್. ಸೆಕೆಂಡಿಗೆ 30 ಚಿತ್ರ ಅಂತ ಕಂಪನಿ ಹೇಳುವುದು ನಿಜ, ಆದರೆ ಸೆನ್ಸರ್ ಮೇಲಿಂದ ಕೆಳಗೆ ಸಾಲುಸಾಲಾಗಿ ಓದಿ ಮುಗಿಸಲು ಸುಮಾರು 1/30 ಸೆಕೆಂಡ್ ಬೇಕು. ಅಷ್ಟರಲ್ಲಿ ರೆಕ್ಕೆ ಜಾಗ ಬಿಟ್ಟಿರುತ್ತದೆ, ಬಾಗಿದ ಹಾಗೆ ಬರುತ್ತದೆ. ಕ್ಯಾಮೆರಾ ತಿರುಗಿಸುತ್ತಾ ತೆಗೆದರೆ ಹಿಂದಿನ ಮರಗಳೇ ವಾಲುತ್ತವೆ. ಎಲ್‌ಇಡಿ ದೀಪದ ವೇದಿಕೆಯಲ್ಲಿ ಪಟ್ಟೆ ಪಟ್ಟೆ ಕಾಣಬಹುದು. ಆರ್6 ಮಾರ್ಕ್ 2 ಅದರ ಅರ್ಧ ಸಮಯದಲ್ಲಿ ಓದುತ್ತದೆ, ಸೆಕೆಂಡಿಗೆ 40 ಚಿತ್ರ. ಆದರೂ ರೆಕ್ಕೆ ಬಡಿತಕ್ಕೆ ಅದೂ ಪೂರ್ತಿ ಸಾಲದು. ಆರ್7ರಲ್ಲಿ ಮೆಕ್ಯಾನಿಕಲ್ ಶಟರ್ ಹಾಕಿ, ಸೆಕೆಂಡಿಗೆ 15 ಬರುತ್ತದೆ. ಹಕ್ಕಿಗೆ ಅದು ಧಾರಾಳ. ಸದ್ದು ಮಾತ್ರ ಜೋರು.

ಬಫರ್ (ಕಾರ್ಡಿಗೆ ಹೋಗುವ ಮೊದಲು ಚಿತ್ರ ಹಿಡಿದಿಡುವ ಮೆಮೊರಿ) ಚಿಕ್ಕದು. 15ರ ವೇಗದಲ್ಲಿ ಸುಮಾರು 50 ರಾ (ಸಂಸ್ಕರಿಸದ) ಫೈಲ್ ಆದ ಮೇಲೆ ನಿಧಾನವಾಗುತ್ತದೆ, ಅಂದರೆ ಮೂರು ಸೆಕೆಂಡ್. ಸಿ-ರಾ (ಕುಗ್ಗಿಸಿದ ರಾ) ಇಟ್ಟುಕೊಂಡರೆ ಇನ್ನೂ ಸಾಕಷ್ಟು ಎಳೆಯುತ್ತದೆ. ನಾನು ಯಾವಾಗಲೂ ಅದನ್ನೇ ಬಳಸುವುದು. ವೇಗದ ಯುಎಚ್‌ಎಸ್-2 ಮೆಮೊರಿ ಕಾರ್ಡ್ ತಗೊಳ್ಳಿ, ಇದರಲ್ಲಿ ಉಳಿತಾಯ ಬೇಡ. ವ್ಯೂಫೈಂಡರ್ ಕೂಡ ಆರ್6 ಮಾರ್ಕ್ 2ರದ್ದೇ ಚೆಂದ, 36.9 ಲಕ್ಷ ಚುಕ್ಕಿ. ಆರ್7ರಲ್ಲಿ 23.6 ಲಕ್ಷ.

ಕಣ್ಣು ಹಿಡಿಯುವ ಫೋಕಸ್ ಎರಡರಲ್ಲೂ ಇದೆ, ಹಕ್ಕಿಯನ್ನೂ ಗುರುತಿಸುತ್ತದೆ. ಡಿಎಸ್‌ಎಲ್‌ಆರ್‌ನಿಂದ ಬರುವ ನಿಮಗೆ ಇದೇ ಎಲ್ಲಕ್ಕಿಂತ ದೊಡ್ಡ ಖುಷಿ ಕೊಡುತ್ತದೆ. 

ತೂಕದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಚಿಕ್ಕ ಸೆನ್ಸರ್ ಅಂದರೆ ಬಾಡಿ ತುಂಬಾ ಹಗುರ ಅಂದುಕೊಳ್ಳುತ್ತಾರೆ. ಬ್ಯಾಟರಿ, ಕಾರ್ಡ್ ಸೇರಿ ಆರ್7 612 ಗ್ರಾಂ, ಆರ್6 ಮಾರ್ಕ್ 2 670 ಗ್ರಾಂ. ಇದ್ದರೆಷ್ಟು, ಬಿಟ್ಟರೆಷ್ಟು. ಆದರೆ ಹಿಡಿತ ಬೇರೆ. ಆರ್7ರ ಹಿಂದಿನ ಡಯಲ್ ಜಾಯ್‌ಸ್ಟಿಕ್ ಸುತ್ತ ಇದೆ, ಬೇರೆ ಕ್ಯಾಮೆರಾ ಬಳಸಿದ ಹೆಬ್ಬೆರಳಿಗೆ ಒಂದು ವಾರ ಗೊಂದಲ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿಯೇ ತಗೊಳ್ಳಿ.

ನಿಮ್ಮ ಹಳೆಯ 55-250 ಇಎಫ್-ಎಸ್ (ಎಪಿಎಸ್-ಸಿ ಡಿಎಸ್‌ಎಲ್‌ಆರ್‌ಗೆ ಮಾಡಿದ) ಲೆನ್ಸನ್ನು ಮಾರಬೇಕಾ ಅಂತ ಕೇಳಿದ್ದಿರಿ. ಇಎಫ್-ಆರ್‌ಎಫ್ ಅಡಾಪ್ಟರ್ ಹಾಕಿದರೆ ಆರ್7 ಮೇಲೆ ಪೂರ್ತಿ 32.5 ಮೆಗಾಪಿಕ್ಸೆಲ್ ಸಿಗುತ್ತದೆ. ಆರ್6 ಮಾರ್ಕ್ 2 ಮೇಲೆ ಹಾಕಿದರೆ ಕ್ಯಾಮೆರಾ ತಾನೇ ಕ್ರಾಪ್ ಮಾಡಿಕೊಳ್ಳುತ್ತದೆ, ಮತ್ತೆ ಅದೇ 9 ಮೆಗಾಪಿಕ್ಸೆಲ್. ಹಾಗಾಗಿ ಆರ್7 ತಗೊಂಡರೆ ಇಟ್ಟುಕೊಳ್ಳಿ, ಇನ್ನೊಂದು ತಗೊಂಡರೆ ಮಾರಿ.

ದುಡ್ಡು ಕೊಡುವ ಮೊದಲು ಒಂದು ಸಂಜೆ ಕೂತು ನಿಮ್ಮ ಕಳೆದ ಒಂದು ವರ್ಷದ ಚಿತ್ರಗಳನ್ನು ತೆಗೆಯಿರಿ. ನಿಮಗೆ ನಿಜವಾಗಿ ಇಷ್ಟವಾಗಿ ಉಳಿಸಿಕೊಂಡ ನೂರನ್ನು ಆರಿಸಿ. ಅದರಲ್ಲಿ ಎಷ್ಟು ಚಿತ್ರ 250 ಮಿ.ಮೀ. ತುದಿಯಲ್ಲಿ ತೆಗೆದು ಮತ್ತೆ ಕ್ರಾಪ್ ಮಾಡಿದ್ದು ಅಂತ ಎಣಿಸಿ. ಎಷ್ಟು ಚಿತ್ರ ಐಎಸ್‌ಒ 3200ಕ್ಕಿಂತ ಮೇಲೆ, ಕ್ರಾಪ್ ಇಲ್ಲದೆ ತೆಗೆದದ್ದು ಅಂತಲೂ ಎಣಿಸಿ. ಮೊದಲನೆಯದು ಜಾಸ್ತಿ ಇದ್ದರೆ ಆರ್7. ಎರಡನೆಯದು ಜಾಸ್ತಿ ಬಂದರೆ ನಾನು ಮೇಲೆ ಹೇಳಿದ್ದನ್ನು ಬಿಟ್ಟು ಆರ್6 ಮಾರ್ಕ್ 2 ತಗೊಳ್ಳಿ. ಆ ಎರಡು ಸಂಖ್ಯೆ ಇಲ್ಲೇ ಹಾಕಿ, ಲೆನ್ಸ್ ಯಾವುದು ಮೊದಲು ಅಂತ ಆಮೇಲೆ ಮಾತಾಡೋಣ.